ಆಣೆ, ಜೋಳಿಗೆ, ಆಸ್ಪತ್ರೆ: ಸೇಂದಿ ಸೀಮೆಯಲ್ಲಿ ವ್ಯಸನಮುಕ್ತಿ

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಗಂಡನದೋ ಮಗನದೋ ಕುಡಿತ ಬಿಡಿಸಬೇಕೆಂದರೆ ಮನೆಯವರು ಮೊದಲು ನೆನೆಯುವುದು ವೈದ್ಯರನ್ನಲ್ಲ. ಒಬ್ಬರು ಸ್ವಾಮಿಗಳ ಪಾದದ ಮೇಲೆ ಕೈ ಇಡಿಸಿ ಆಣೆ ಮಾಡಿಸುತ್ತಾರೆ, ಇನ್ನೊಬ್ಬರು ದರ್ಗಾಕ್ಕೆ ಕರೆದೊಯ್ದು ತಾಯತ ಕಟ್ಟಿಸುತ್ತಾರೆ. ಅಯ್ಯಪ್ಪ ಮಾಲೆ ಹಾಕಿಸಿದರೆ 41 ದಿನವಾದರೂ ಮನೆ ತಣ್ಣಗಿರುತ್ತದೆ ಎಂಬ ಲೆಕ್ಕ ಮತ್ತೊಬ್ಬರದು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಧರ್ಮದ ಮಾತಿಗೆ ಕುಡಿತ ನಿಲ್ಲಿಸುವ ಶಕ್ತಿ ಇದೆ, ಕರ್ನಾಟಕದಲ್ಲೇ ಅದಕ್ಕೆ ದೊಡ್ಡ ಉದಾಹರಣೆಗಳಿವೆ. ತೊಡಕಿರುವುದು ಬೇರೆ ಕಡೆ: ಈ ಭಾಗದಲ್ಲಿ ಜನ ಕುಡಿಯುವುದು ಬರೀ ಮದ್ಯವನ್ನಲ್ಲ.

ಈಚಲ ಗಿಡದಿಂದ ಪಾಕೀಟಿಗೆ

ಸೇಂದಿ ಈಚಲ ಗಿಡದ ರಸ. ನಸುಕಿನಲ್ಲಿ ಗಡಿಗೆ ಇಳಿಸಿದಾಗ ಸಿಹಿ ನೀರಾ, ಬಿಸಿಲೇರಿದಂತೆ ತಾನೇ ಹುಳಿತು ಹೆಂಡ. ಬೇರೇನೂ ಸೇರದಿದ್ದರೆ ಅದರ ಮತ್ತು ಬಿಯರಿನ ಆಸುಪಾಸಿನದು. ನಿಜಾಮರ ಕಾಲದಲ್ಲಿ ಸೇಂದಿ, ಸಾರಾಯಿ ಎರಡೂ ಅಬಕಾರಿ ಬೊಕ್ಕಸದ ದೊಡ್ಡ ಆದಾಯ. ಕಲಬುರಗಿ ಜಿಲ್ಲೆಯಲ್ಲಿ ಇಂದಿಗೂ ಸಾಮಾನ್ಯವಾಗಿರುವ ‘ಗುತ್ತೇದಾರ’ ಎಂಬ ಅಡ್ಡಹೆಸರು ಆ ಗುತ್ತಿಗೆ ಕಾಲದ ಗುರುತು. ಗಿಡ ಏರಿ ಸೇಂದಿ ಇಳಿಸುತ್ತಿದ್ದವರು ಈಡಿಗರು. ಗ್ರಾಮದೇವತೆಯ ಮುಂದೆ ಅದನ್ನೇ ಎಡೆ ಇಡುವ ರೂಢಿಯೂ ಕೆಲವು ಊರುಗಳಲ್ಲಿತ್ತು. ಹಾಗಾಗಿ ಹಳೆಯ ತಲೆಮಾರಿಗೆ ಸೇಂದಿ ಪಾಪವೂ ಅಲ್ಲ, ರೋಗವೂ ಅಲ್ಲ, ಸಂಜೆಯ ಅಭ್ಯಾಸ.

ಈಗ ದಕ್ಷಿಣ ಕನ್ನಡ, ಉಡುಪಿ ಬಿಟ್ಟರೆ ರಾಜ್ಯದಲ್ಲಿ ಹೆಂಡ ಇಳಿಸಲು ಪರವಾನಗಿ ಇಲ್ಲ. 2007ರ ಜುಲೈ 1ರಿಂದ ಪಾಕೀಟು ಸಾರಾಯಿಯೂ ನಿಂತಿತು. ಕುಡಿತ ನಿಲ್ಲಲಿಲ್ಲ. ಸಾರಾಯಿ ಕುಡಿಯುತ್ತಿದ್ದವರು ಅಗ್ಗದ ವಿಸ್ಕಿಯ ಸಣ್ಣ ಪಾಕೀಟಿಗೆ ಹೊರಳಿದರು, ಹಳ್ಳಿಯ ಕಿರಾಣಿ ಅಂಗಡಿಗಳಲ್ಲಿ ಅದು ಕದ್ದು ಮಾರಾಟವಾಗುತ್ತದೆ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದ ಸಾವಿರಾರು ಹೆಣ್ಣುಮಕ್ಕಳ ಮುಖ್ಯ ದೂರುಗಳಲ್ಲಿ ಇದೂ ಒಂದು.

ಇಲ್ಲೊಂದು ವಿಚಿತ್ರ ತಿರುವಿದೆ. ಚಿತ್ತಾಪುರ ತಾಲ್ಲೂಕಿನ ಕರದಾಳದಲ್ಲಿ ನಾರಾಯಣ ಗುರು ಶಕ್ತಿಪೀಠವಿದೆ. ಅದರ ಪ್ರಣವಾನಂದ ಸ್ವಾಮೀಜಿ ಈಡಿಗರ ಹೊಟ್ಟೆಪಾಡಿಗಾಗಿ ಈ ಭಾಗದಲ್ಲಿ ಸೇಂದಿ ಇಳಿಸಲು ಮತ್ತೆ ಅವಕಾಶ ಕೊಡಿ ಎಂದು ಒತ್ತಾಯಿಸುತ್ತ ಬಂದವರು. ಕೇರಳದ ನಾರಾಯಣ ಗುರುಗಳಾದರೋ ಹೆಂಡದ ಕಸುಬನ್ನೇ ಬಿಡಿ ಎಂದು ತಮ್ಮ ಜನಕ್ಕೆ ಹೇಳಿದವರು. ಆದರೂ ಇಲ್ಲಿಯ ಬೇಡಿಕೆಯಲ್ಲಿ ಹುರುಳಿಲ್ಲ ಎನ್ನಲಾಗದು. ಗಿಡದ ಸೇಂದಿ ಹೋದ ಜಾಗಕ್ಕೆ ಬಂದದ್ದು ಅದಕ್ಕಿಂತ ಕೆಟ್ಟ ಸರಕು.

ಪುಡಿಯ ಸೇಂದಿ

ಚಿಂಚೋಳಿ, ಸೇಡಂ ತಾಲ್ಲೂಕುಗಳ ಮೂಡಣ ಅಂಚು ತೆಲಂಗಾಣಕ್ಕೆ ತಾಗುತ್ತದೆ. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲು ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ತಾಂಡೂರು ಮುಟ್ಟುತ್ತದೆ. ಗಡಿಯಾಚೆ ಸೇಂದಿ ಅಂಗಡಿಗಳಿಗೆ ಲೈಸೆನ್ಸ್ ಇದೆ. ಆದರೆ ಅಲ್ಲಿಂದ ಕದ್ದು ಬರುವ ಸೇಂದಿಯಲ್ಲಿ ಈಚಲ ರಸಕ್ಕಿಂತ ನೀರು, ಸಕ್ಕರೆಯ ಬದಲು ಸ್ಯಾಕರಿನ್, ಜೊತೆಗೆ ‘ಸಿ.ಎಚ್. ಪೌಡರ್’ ಇರುವುದೇ ಹೆಚ್ಚು. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್, 19ನೇ ಶತಮಾನದಲ್ಲಿ ನಿದ್ರೆ ಬರಿಸಲು ಕೊಡುತ್ತಿದ್ದ ಔಷಧಿ. ಅದರ ಬದಲಿಗೆ, ಇಲ್ಲವೇ ಅದರ ಜೊತೆಗೇ, ಡೈಜೆಪಾಮ್ ಅಥವಾ ಅಲ್ಪ್ರಾಜೋಲಾಮ್ ಬೆರೆಸುವುದೂ ಉಂಟು. ಒಂದು ಬಾಟಲಿಗೆ ಎಷ್ಟು ಪುಡಿ ಬಿತ್ತೆಂಬುದು ಬೆರೆಸಿದವನಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ಇವೆಲ್ಲ ಮೆದುಳಿನ ವೇಗ ತಗ್ಗಿಸುವ ಔಷಧಿಗಳು. ವರ್ಷಗಟ್ಟಲೆ ಇವನ್ನೇ ಕುಡಿದ ಮೆದುಳು ಆ ತಡೆಗೆ ಒಗ್ಗಿ, ಅದನ್ನು ಮೀರಿ ದುಡಿಯಲು ಕಲಿತಿರುತ್ತದೆ. ಒಮ್ಮೆಲೇ ತಡೆ ತೆಗೆದರೆ ಮೂಗುದಾರ ಕಳಚಿದ ಎತ್ತಿನಂತಾಗುತ್ತದೆ: ಕೈನಡುಕ, ನಿದ್ದೆಗೇಡು, ಫಿಟ್ಸ್, ಇಲ್ಲದ್ದನ್ನು ಕಂಡು ಚೀರುವುದು. 2015ರಲ್ಲಿ ನಿಜಾಮಾಬಾದ್ ಕಡೆ ಕಲಬೆರಕೆ ಸೇಂದಿಯ ಮೇಲೆ ಬಿಗಿ ಕ್ರಮ ಕೈಗೊಂಡಾಗ ಆಸ್ಪತ್ರೆಗಳು ಇಂಥವರಿಂದಲೇ ತುಂಬಿದವು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಅಂಗಡಿಗಳು ಮುಚ್ಚಿದಾಗ ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಯ ಮುಂದೆ ಮತ್ತೆ ಅದೇ ಸಾಲು.

ಜೋಳಿಗೆ ಹಿಡಿದ ಸ್ವಾಮಿ

ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಸಂಸ್ಥಾನ ಮಠದ ಮಹಾಂತ ಶಿವಯೋಗಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ ಆರಂಭಿಸಿದರು. ಮಠದ ಜೋಳಿಗೆಗೆ ಜನ ಕಾಳು, ಕಾಸು ಹಾಕುವುದು ವಾಡಿಕೆ. ಇವರು ಓಣಿ ಓಣಿ ತಿರುಗಿ, ಕೇರಿಗಳ ಒಳಗೂ ಹೋಗಿ, ‘ನಿಮ್ಮ ಚಟ ಹಾಕಿರಿ’ ಎಂದು ಕೈಚಾಚಿದರು. ಬೀಡಿ ಕಟ್ಟು, ತಂಬಾಕಿನ ಚೀಟಿ, ಗುಟ್ಕಾ, ಸಾರಾಯಿ ಜೋಳಿಗೆಗೆ ಬಿದ್ದವು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಈ ಕ್ರಮದ ಜಾಣತನ ಅದರ ನಾಟಕದಲ್ಲಿದೆ. ಚಟದವನು ಬೈಸಿಕೊಳ್ಳುವವನಾಗಿ ಅಲ್ಲ, ಸ್ವಾಮಿಗಳಿಗೇ ಕೊಡುವ ದಾನಿಯಾಗಿ ನಿಲ್ಲುತ್ತಾನೆ. ಓಣಿಯೆಲ್ಲ ನೋಡುತ್ತಿರುವಾಗ ಕೊಟ್ಟದ್ದನ್ನು ಮರಳಿ ಕೇಳುವುದು ಕಷ್ಟ. ಆದರೆ ಇದರ ಬಲ ಚೆನ್ನಾಗಿ ನಡೆಯುವುದು ಚಟ ಇನ್ನೂ ಚಟವಾಗಿಯೇ ಇರುವವರ ಮೇಲೆ. ಎದ್ದ ಕೂಡಲೇ ಕುಡಿಯದಿದ್ದರೆ ಕೈ ನಡುಗುವವನ ಕಥೆ ಬೇರೆ.

ಧರ್ಮಸ್ಥಳದ ಎಂಟು ದಿನ

ಆ ನಡುಗುವ ಕೈಯವರಿಗೆಂದೇ ರೂಪುಗೊಂಡದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರ. ಊರಿನ ಕಲ್ಯಾಣ ಮಂಟಪದಲ್ಲೋ ಮಠದಲ್ಲೋ ಎಂಟು ದಿನ ವಾಸ, ಊರವರದೇ ಸಮಿತಿ, ಊರವರದೇ ಅಡುಗೆ. ಯೋಗ, ಭಜನೆ, ಗುಂಪು ಮಾತುಕತೆ, ಕೊನೆಗೆ ಮನೆಯವರನ್ನು ಕರೆಸಿ ಮಾತಾಡಿಸುವುದು. ಮುಗಿದ ಮೇಲೆ ನವಜೀವನ ಸಮಿತಿ ಎಂಬ ಹೆಸರಲ್ಲಿ ಅವರು ಮತ್ತೆ ಮತ್ತೆ ಸೇರುತ್ತಾರೆ. ಎಂಟು ದಿನಕ್ಕಿಂತ ಈ ಮರುಭೇಟಿಗಳೇ ಮುಖ್ಯವೆಂದು ನನ್ನ ಎಣಿಕೆ. ಹಳ್ಳಿಗೇ ಚಿಕಿತ್ಸೆ ಒಯ್ಯುವ ಈ ಬಗೆಯನ್ನು ಚೆನ್ನೈನ ಟಿ.ಟಿ.ಕೆ. ಆಸ್ಪತ್ರೆಯ ಶಾಂತಿ ರಂಗನಾಥನ್ ಅವರೂ 1989ರಲ್ಲಿ ತಮಿಳುನಾಡಿನ ಮಂಜಕ್ಕುಡಿಯಲ್ಲಿ ನಡೆಸಿ ತೋರಿಸಿದ್ದರು.

‘ನಮ್ಮವರಲ್ಲಿ ಅದಿಲ್ಲ’

ಲಿಂಗವಂತರ ಮನೆ, ಜೈನರ ಮನೆ, ನಮಾಜಿನ ಮನೆ, ಎಲ್ಲಿ ಕೇಳಿದರೂ ಈ ಉತ್ತರ ಸಿಗುತ್ತದೆ. ಕುಡಿಯದ ಜಾತಿ ಎಂಬ ಹೆಮ್ಮೆಯಿದ್ದಲ್ಲಿ ಕುಡುಕ ಇನ್ನಷ್ಟು ಒಳಕೋಣೆಗೆ ಸರಿಯುತ್ತಾನೆ. ಕನ್ಯೆ ನೋಡುವ ಹೊತ್ತಿನಲ್ಲಂತೂ ಅವನ ಸುದ್ದಿಯೇ ಬರುವುದಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದ ಯಹೂದಿಗಳಲ್ಲೂ ಕುಡಿತ ಪರಧರ್ಮದವರ ರೋಗವೆಂಬ ನಂಬಿಕೆ ಗಟ್ಟಿಯಾಗಿತ್ತು. ಅದನ್ನು ಒಡೆದವರಲ್ಲಿ ಮೊದಲಿಗರು ಅಬ್ರಹಾಂ ಟ್ವೆರ್ಸ್ಕಿ. 1930ರಲ್ಲಿ ಹುಟ್ಟಿದ ಇವರು ಸಂಪ್ರದಾಯಸ್ಥ ಹಸಿದಿ ಮನೆತನದ ರಬ್ಬಿ, ಮನೋವೈದ್ಯರೂ ಹೌದು. ಉದ್ದ ಗಡ್ಡ, ಕರಿ ಕೋಟಿನಲ್ಲೇ ಪಿಟ್ಸ್‌ಬರ್ಗಿನ ಕ್ಯಾಥೊಲಿಕ್ ಆಸ್ಪತ್ರೆಯ ಮನೋವೈದ್ಯ ವಿಭಾಗ ನಡೆಸಿದರು, 1972ರಲ್ಲಿ ಗೇಟ್‌ವೇ ಎಂಬ ವ್ಯಸನಮುಕ್ತಿ ಕೇಂದ್ರ ಕಟ್ಟಿದರು. ವ್ಯಸನಿಗಳ ಪರಸ್ಪರ ನೆರವಿನ ಸಭೆಗಳು ಹೆಚ್ಚಾಗಿ ಚರ್ಚುಗಳ ನೆಲಮಾಳಿಗೆಯಲ್ಲಿ ನಡೆಯುತ್ತಿದ್ದುದರಿಂದ ಯಹೂದಿಗಳು ಅತ್ತ ಸುಳಿಯುತ್ತಿರಲಿಲ್ಲ. ಕ್ರಮೇಣ ಅವರದೇ ಗುಂಪುಗಳು ಹುಟ್ಟಿದವು. ಶುಕ್ರವಾರ ಸಂಜೆಯ ಪೂಜೆಗೆ ದ್ರಾಕ್ಷಾರಸದ ಮದ್ಯ ಬೇಕು, ಬಿಟ್ಟವನೇನು ಮಾಡಬೇಕು? ಹುಳಿಯದ ದ್ರಾಕ್ಷಿ ರಸ ನಡೆಯುತ್ತದೆಂದು ರಬ್ಬಿಗಳು ದಾರಿ ತೋರಿಸಿದರು. ಟ್ವೆರ್ಸ್ಕಿ 2021ರಲ್ಲಿ ಜೆರುಸಲೇಮಿನಲ್ಲಿ ತೀರಿಕೊಂಡರು. ಇಳಕಲ್ಲಿನಲ್ಲಿ ಸ್ವಾಮಿ ಜೋಳಿಗೆ ಹಿಡಿದಿದ್ದರು, ಪಿಟ್ಸ್‌ಬರ್ಗಿನಲ್ಲಿ ರಬ್ಬಿಯ ಕೈಯಲ್ಲಿ ಸ್ಟೆಥಾಸ್ಕೋಪೂ ಇತ್ತು. ನಮ್ಮ ಸೇಂದಿ ಸೀಮೆಗೆ ಈ ಎರಡನೆಯದರ ಕೊರತೆ ಎದ್ದು ಕಾಣುತ್ತದೆ.

ಬಿಟ್ಟ ಮೂರನೆಯ ದಿನ

ದಿನವೂ ಹೆಚ್ಚು ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಆರೆಂಟು ತಾಸಿನಲ್ಲಿ ನಡುಕ, ಬೆವರು ಶುರು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ದಿಕ್ಕು, ಹೊತ್ತು ತಿಳಿಯದು, ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು. ಆಣೆ ಮುರಿದ ಶಾಪವೆಂದೋ ದೆವ್ವ ಮೆಟ್ಟಿತೆಂದೋ ಮನೆಯವರು ಮತ್ತೆ ಮಠಕ್ಕೋ ದರ್ಗಾಕ್ಕೋ ಓಡುವುದು ಈ ಹೊತ್ತಿನಲ್ಲೇ. ಆಸ್ಪತ್ರೆಯಲ್ಲಿ ಇದಕ್ಕೆ ದುಬಾರಿ ಮದ್ದು ಬೇಕಿಲ್ಲ. ನರಗಳನ್ನು ಶಾಂತಗೊಳಿಸುವ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತ ಕೊಡುತ್ತಾರೆ, ಮೆದುಳಿಗೆ ಏಟು ಬೀಳದಂತೆ ಬಿ1 ಜೀವಸತ್ವದ ಚುಚ್ಚುಮದ್ದು ಹಾಕುತ್ತಾರೆ. ಪುಡಿಯ ಸೇಂದಿಯವರಿಗೆ ಈ ಇಳಿಕೆ ಇನ್ನೂ ನಿಧಾನವಾಗಬೇಕು, ಆದ್ದರಿಂದ ವೈದ್ಯರ ಮುಂದೆ ಏನು ಕುಡಿಯುತ್ತಿದ್ದನೆಂದು ಮುಚ್ಚಿಡಬಾರದು.

ಗೋಡೆ ಬರಹಗಳಲ್ಲಿ ಕಾಣುವ ‘ತಿಳಿಯದಂತೆ ಕುಡಿತ ಬಿಡಿಸುವ ಪುಡಿ’ಯ ಬಗ್ಗೆ ಒಂದು ಮಾತು. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದರೆ, ಅದನ್ನು ಸಾರಿನಲ್ಲಿ ಕಲಸಿ ಬಡಿಸಿದ ಮೇಲೆ ಗಂಡ ಕುಡಿದು ಬಂದರೆ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಕುಡಿಯುವವನಿಗೆ ತಿಳಿಸಿ, ಒಪ್ಪಿಸಿ ಕೊಡುವ ಔಷಧಿ ಅದು.

ಎಲ್ಲಿಗೆ ಹೋಗುವುದು

ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಮದ್ಯ, ಮಾದಕಗಳ ಸಮಸ್ಯೆಯನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಕಾಯಿಲೆಯಾಗಿಯೇ ಎಣಿಸುತ್ತದೆ. ಕಲಬುರಗಿಯ ಜಿಮ್ಸ್ ಈ ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಗೊತ್ತಾದ ದಿನ ಬರುತ್ತಾರೆ, ದಿನ ಯಾವುದೆಂದು ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು.

ವಾಡಿ, ಶಹಾಬಾದದ ಸಿಮೆಂಟ್ ಕಾರ್ಖಾನೆ, ಕಲ್ಲುಗಣಿಗಳಲ್ಲಿ ದುಡಿಯುವವರಿಗೆ ಹೊರರೋಗಿ ವಿಭಾಗದ ಹೊತ್ತೇ ಹೊಂದುವುದಿಲ್ಲ. ಪಾಳಿ ತಪ್ಪಿದರೆ ಪಗಾರ ಕಟ್. ಅಂಥವರಿಗೆ ಫೋನೇ ಹತ್ತಿರದ ಬಾಗಿಲು. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಮಾದಕ ವ್ಯಸನಕ್ಕೆಂದೇ ಇರುವುದು 14446. ಎರಡೂ ಉಚಿತ. ಟೆಲಿ ಮಾನಸ್‌ನಲ್ಲಿ ಹಗಲಿರುಳು ಕನ್ನಡದಲ್ಲಿ ಮಾತಾಡಬಹುದು. ಕುಡಿಯುವವನೇ ಕರೆ ಮಾಡಬೇಕೆಂದಿಲ್ಲ, ಅವನ ಹೆಂಡತಿ ಮಾಡಿದರೂ ನಡೆಯುತ್ತದೆ.