ಪ್ರೊಕ್ಯಾಲ್ಸಿಟೋನಿನ್: ಮೂತ್ರಪಿಂಡದ ಸೋಂಕಿನಲ್ಲಿ ಮುನ್ಸೂಚಕ

ಪ್ರೊಕ್ಯಾಲ್ಸಿಟೋನಿನ್ ಎಂಬುದು ಕ್ಯಾಲ್ಸಿಟೋನಿನ್ ಹಾರ್ಮೋನಿನ ಪೂರ್ವರೂಪವಾದ ಪ್ರೋಟೀನು. ಆರೋಗ್ಯವಂತರ ರಕ್ತದಲ್ಲಿ ಅತ್ಯಲ್ಪವಾಗಿರುವ ಇದು ಬ್ಯಾಕ್ಟೀರಿಯಾ ಸೋಂಕು ತೀವ್ರವಾದಾಗ ಕೆಲವೇ ಗಂಟೆಗಳಲ್ಲಿ ಏರುತ್ತದೆ. ಮೂತ್ರಪಿಂಡದ ಸೋಂಕಿನಲ್ಲಿ ಇ. ಕೋಲಿಯಂಥ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿದೆಯೇ ಎಂಬುದನ್ನು ಖಚಿತಪಡಿಸುವುದು ರಕ್ತದ ಕಲ್ಚರ್, ಅಂದರೆ ಮಾದರಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ. ಅದರ ಫಲಿತಾಂಶಕ್ಕೆ ಸಾಮಾನ್ಯವಾಗಿ ಒಂದೆರಡು ದಿನ ಬೇಕು. ರೋಗಿಯನ್ನು ದಾಖಲಿಸಬೇಕೇ, ಮನೆಗೆ ಕಳಿಸಬಹುದೇ ಎಂಬ ತೀರ್ಮಾನ ಅಷ್ಟು ಕಾಯಲಾರದು. ಆದ್ದರಿಂದಲೇ ಬೇಗ ದೊರೆಯುವ ಸೂಚಕಕ್ಕೆ ಬೆಲೆ. ಜ್ವರಸಹಿತ ಮೂತ್ರದ ಸೋಂಕಿದ್ದ 581 ವಯಸ್ಕರನ್ನು ಪರಿಶೀಲಿಸಿ 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ ಶೇ. 23ರಷ್ಟು ಮಂದಿಯ ರಕ್ತದಲ್ಲಿ ಬ್ಯಾಕ್ಟೀರಿಯಾ ಕಂಡುಬಂದಿತ್ತು. ಪ್ರೊಕ್ಯಾಲ್ಸಿಟೋನಿನ್ ಲೀಟರಿಗೆ 0.25 ಮೈಕ್ರೊಗ್ರಾಂ ಮೀರಿದವರಿಗಷ್ಟೇ ಕಲ್ಚರ್ ಮಾಡಿದರೆ ಪರೀಕ್ಷೆಗಳು ಸುಮಾರು ಶೇ. 40ರಷ್ಟು ತಗ್ಗುತ್ತವೆ, ಆದರೂ ರಕ್ತಸೋಂಕಿನ ಶೇ. 90ಕ್ಕೂ ಹೆಚ್ಚು ಪ್ರಕರಣಗಳು ಪತ್ತೆಯಾಗುತ್ತವೆ ಎಂದು ಅದು ತೋರಿಸಿತು.

ಮೂತ್ರದ ಕಲ್ಚರಿನಲ್ಲೇ ರೋಗಾಣು ಸಿಗುವಾಗ ಪ್ರೊಕ್ಯಾಲ್ಸಿಟೋನಿನ್ ಪರೀಕ್ಷೆಯೇಕೆ ಎಂಬ ಆಕ್ಷೇಪವಿದೆ. ರೋಗಾಣು ಯಾವುದೆಂದು ತಿಳಿಯುವುದು ಬೇರೆ, ಅದು ರಕ್ತಕ್ಕೆ ಹರಡಿರುವ ಅಪಾಯವನ್ನು ಅಳೆಯುವುದು ಬೇರೆ. ಎರಡನೆಯದಕ್ಕೆ ಮೂತ್ರಪರೀಕ್ಷೆ ಸಾಲದು. ಮೂತ್ರಪಿಂಡ ವೈಫಲ್ಯ, ದೊಡ್ಡ ಶಸ್ತ್ರಚಿಕಿತ್ಸೆ, ಸುಟ್ಟಗಾಯಗಳಲ್ಲೂ ಈ ಮಟ್ಟ ಏರುತ್ತದೆ ಎಂಬ ಆಕ್ಷೇಪ ಹೆಚ್ಚು ಗಂಭೀರ. ಸೋಂಕಿನ ಆರಂಭದಲ್ಲಿ ಅದು ಕಡಿಮೆಯೇ ಇರಬಹುದು ಎಂಬುದೂ ನಿಜ. ಹೀಗಾಗಿ ಒಂದೇ ಅಂಕಿಯನ್ನು ನಂಬಿ ರೋಗಿಯನ್ನು ಕಳಿಸುವುದು ತಪ್ಪು. ರಕ್ತದೊತ್ತಡ ಕುಸಿದವರು, ಗರ್ಭಿಣಿಯರು, ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡವರು, ರೋಗನಿರೋಧಕ ಶಕ್ತಿ ಕುಂದಿದವರಿಗೆ ಸೂಚಕದ ಮಟ್ಟ ಎಷ್ಟೇ ಇರಲಿ, ರಕ್ತದ ಕಲ್ಚರ್ ಮಾಡಿ ಕೂಡಲೇ ಆ್ಯಂಟಿಬಯೋಟಿಕ್ ಕೊಡಬೇಕು. ಉಳಿದವರಲ್ಲಿ ಪ್ರೊಕ್ಯಾಲ್ಸಿಟೋನಿನ್ ವೈದ್ಯರ ವಿವೇಚನೆಗೆ ನೆರವಾಗುತ್ತದೆ. ಆದರೆ ಆ ವಿವೇಚನೆಯ ಸ್ಥಾನವನ್ನು ತುಂಬಲಾರದು.