ಆಕಾಶ ಡೈರಿ, ಭಾಗ 4: ಇಲ್ಲದ ಧಾತುವಿಗೆ ಹೆಸರಿಟ್ಟ ಕಥೆ

ಡಿಸೆಂಬರ್, ಜನವರಿ ರಾತ್ರಿ ಮೂರು ನಕ್ಷತ್ರ ಸಾಲಾಗಿ ಕಾಣ್ತವಲ್ಲ, ಅದು ಮಹಾವ್ಯಾಧನ ಸೊಂಟಪಟ್ಟಿ. ಅದರಿಂದ ನೇತಾಡೋ ಕತ್ತಿಯಲ್ಲಿ ಒಂದು ಮಸುಕು ಕಲೆ ಇದೆ. ಮೊದಲ ಸ್ಲೈಡ್‌ನಲ್ಲಿರೋದು ಅದೇ, ಓರಿಯನ್ ನೀಹಾರಿಕೆ. ಸುಮಾರು 1,300 ಜ್ಯೋತಿರ್ವರ್ಷ ದೂರ.

ಅದು ನಕ್ಷತ್ರಗಳ ಗುಂಪಾ, ಇಲ್ಲಾ ಬರೀ ಅನಿಲವಾ? ಈ ವಾದ ಬಹಳ ಕಾಲ ನಡೀತು. ಐರ್ಲೆಂಡಿನ ಲಾರ್ಡ್ ರಾಸ್ 1845ರಲ್ಲಿ 72 ಇಂಚಿನ ಕನ್ನಡಿಯ ದೂರದರ್ಶಕ ನಿಲ್ಲಿಸಿದರು. ಓರಿಯನ್‌ನಲ್ಲಿ ಕಾಣೋದು ನಕ್ಷತ್ರಗಳೇ ಅಂದರು. ಪ್ರಪಂಚದಲ್ಲೇ ದೊಡ್ಡ ದೂರದರ್ಶಕ ಇಟ್ಕೊಂಡವರು ಹೇಳಿದ್ಮೇಲೆ ಬಹಳ ಜನ ಒಪ್ಕೊಂಡರು.

ಲಂಡನ್ನಿನ ವಿಲಿಯಂ ಹಗಿನ್ಸ್ ಬೇರೆ ದಾರಿ ಹಿಡಿದರು. ಮನೆತನದ ಬಟ್ಟೆ ವ್ಯಾಪಾರ ಮಾರಿ ಖಗೋಳಕ್ಕೆ ಬಂದವರು ಇವರು (ಕಾಮರ್ಸ್‌ನವರೇ, ಇನ್ನೂ ಟೈಮ್ ಇದೆ!). 1864ರಲ್ಲಿ ಒಂದು ನೀಹಾರಿಕೆಯ ಬೆಳಕನ್ನು ಪ್ರಿಸಂನಲ್ಲಿ ಒಡೆದು ನೋಡಿದರು. ನಕ್ಷತ್ರವಾಗಿದ್ರೆ ಕಾಮನಬಿಲ್ಲಿನ ಹಾಗೆ ಪೂರ್ತಿ ಪಟ್ಟಿ ಬರಬೇಕಿತ್ತು. ಬಂದಿದ್ದು ಕೆಲವೇ ಹೊಳೆಯೋ ಗೆರೆ. ಅಂದ್ರೆ ಅನಿಲ! ಸ್ವಲ್ಪ ದಿನಕ್ಕೆ ಓರಿಯನ್‌ನಲ್ಲೂ ಅದೇ ಸಿಕ್ತು.

ಆದ್ರೆ ಅಲ್ಲಿದ್ದ ಹಸಿರು ಗೆರೆ ಭೂಮಿಯ ಯಾವ ಧಾತುವಿಗೂ ಹೊಂದಲಿಲ್ಲ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ವ್ಯತ್ಯಾಸನ ಸಸ್ಪೆನ್ಸ್ ಅಕೌಂಟ್‌ಗೆ ಹಾಕ್ತೀವಲ್ಲ, ಹಾಗೇ ‘ನೆಬ್ಯುಲಿಯಂ’ ಅನ್ನೋ ಹೊಸ ಧಾತುವಿನ ಹೆಸರಲ್ಲಿ ಬರೆದಿಟ್ಟರು. ಅದನ್ನ ದಡ್ಡತನ ಅನ್ನೋಕಾಗಲ್ಲ. 1868ರಲ್ಲಿ ಸೂರ್ಯನ ಬೆಳಕಲ್ಲಿ ಕಂಡ ಹಳದಿ ಗೆರೆಗೂ ಹೀಗೇ ಹೀಲಿಯಂ ಅಂತ ಹೆಸರಿಟ್ಟಿದ್ರು, 1895ರಲ್ಲಿ ಅದು ಭೂಮಿ ಮೇಲೇ ಸಿಕ್ತು!

ನೆಬ್ಯುಲಿಯಂ ಮಾತ್ರ ಸಿಗಲೇ ಇಲ್ಲ. ಅಷ್ಟರಲ್ಲಿ ಆವರ್ತಕ ಕೋಷ್ಟಕದಲ್ಲಿ ಹಗುರ ಧಾತುಗಳ ಮನೆಗಳೆಲ್ಲ ತುಂಬಿಹೋಗಿ, ಅದನ್ನ ಕೂರಿಸೋಕೆ ಜಾಗವೇ ಇರಲಿಲ್ಲ.

1927ರಲ್ಲಿ ಅಮೆರಿಕದ ಐರಾ ಬೋವೆನ್ ಲೆಕ್ಕ ಸರಿಮಾಡಿದರು. ಅದು ನಾವು ಉಸಿರಾಡೋ ಆಮ್ಲಜನಕವೇ, ಎರಡು ಎಲೆಕ್ಟ್ರಾನ್ ಕಳ್ಕೊಂಡಿದೆ ಅಷ್ಟೇ. ಕಿತ್ಕೊಂಡಿದ್ದು ಯಾರು? ಓರಿಯನ್‌ನ ನಡುವೆ ಥೀಟಾ-1 ಸಿ ಅನ್ನೋ ನಕ್ಷತ್ರವಿದೆ. ತೂಕ ನಮ್ಮ ಸೂರ್ಯನ 30 ಪಟ್ಟಿಗೂ ಹೆಚ್ಚು, ಮೇಲ್ಮೈ ತಾಪ ಸುಮಾರು 39,000 ಡಿಗ್ರಿ (ಸೂರ್ಯನದು 5,500). ಅದರ ನೇರಳಾತೀತ ಕಿರಣ ಸುತ್ತಲಿನ ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಹಾಕುತ್ತೆ. ಹೈಡ್ರೋಜನ್ ಕಳ್ಕೊಂಡ ಎಲೆಕ್ಟ್ರಾನನ್ನು ಮತ್ತೆ ಹಿಡಿದಾಗ ಕೆಂಪು ಹೊಳಪು. ಸುತ್ತಾಡೋ ಎಲೆಕ್ಟ್ರಾನ್ ಆಮ್ಲಜನಕಕ್ಕೆ ಡಿಕ್ಕಿ ಹೊಡೆದ್ರೆ ಆ ಹಸಿರು.

ಲ್ಯಾಬ್‌ನಲ್ಲಿ ಯಾಕೆ ಕಾಣಲಿಲ್ಲ ಅಂದ್ರೆ, ಆ ಹಸಿರು ಬೆಳಕು ಬಿಡೋಕೆ ಆಮ್ಲಜನಕಕ್ಕೆ ಸುಮಾರು ಅರ್ಧ ನಿಮಿಷ ಬೇಕು. ಇಲ್ಲಿ ಅಷ್ಟರೊಳಗೆ ಬೇರೆ ಕಣ ಬಂದು ಗುದ್ದಿ ಆ ಶಕ್ತಿ ಕಸಿದುಬಿಡುತ್ತೆ. ನೀಹಾರಿಕೆ ನಾವು ಮಾಡೋ ನಿರ್ವಾತಕ್ಕಿಂತಲೂ ತೆಳು, ಹಾಗಾಗಿ ಅಲ್ಲಿ ಆರಾಮಾಗಿ ಹೊಳೆಯೋಕೆ ಬಿಡುವಿದೆ.

ಈಗ ಆಕಾಶದ ಫೋಟೋ ತೆಗೆಯೋರು ದುಡ್ಡು ಕೊಟ್ಟು ‘ಓ-ತ್ರೀ’ ಫಿಲ್ಟರ್ ತಗೋತಾರೆ. ಅದು ಒಳಗೆ ಬಿಡೋದು ಹಗಿನ್ಸ್ ನೋಡಿದ ಆ ಹಸಿರು ಗೆರೆಯನ್ನೇ, 500.7 ನ್ಯಾನೋಮೀಟರ್.