ಆಳು ಅಲ್ಲ, ಗೆಳೆಯ: ಗಂಜಾಂನ ದೊಡ್ಡಸ್ವಾಮಿ ಮತ್ತು ಒಂದು ಹಳೆಯ ಮಾತು

ಶ್ರೀರಂಗಪಟ್ಟಣಕ್ಕೆ ಬಂದವರು ದರಿಯಾ ದೌಲತ್ ನೋಡಿ, ಗಂಜಾಂ ದಾಟಿ, ಗುಂಬಜ್ ಸುತ್ತಿ, ಸಂಗಮದಲ್ಲಿ ಮುಳುಗಿ ಊರಿಗೆ ಹೋಗುತ್ತಾರೆ. ಅದೇ ಗಂಜಾಂ ಬಳಿ ಅಬ್ಬೆ ದುಬಾಯ್ ಹೆಸರಿನ ಹಳೆಯ ಚರ್ಚ್ ಇದೆ. ಅಲ್ಲಿ ಬಸ್ಸು, ಕಾರು ನಿಲ್ಲುವುದು ಕಡಿಮೆ. ಈ ಸಲ ನಾವು ಆ ಹೆಸರಿನ ಜಾಡು ಹಿಡಿದು ಒಂದು ಪ್ರಶ್ನೆ ಕೇಳಿಕೊಂಡೆವು. ದೇವರು ಒಡೆಯ ಅಂತ ಎಲ್ಲರೂ ಹೇಳುತ್ತಾರೆ. ದೇವರು ಗೆಳೆಯ ಎನ್ನುವ ಕ್ರೈಸ್ತರ ಮಾತು ನಮ್ಮ ಸೀಮೆಗೆ ಬಂದು ಏನಾಯಿತು?

ಮೊದಲು ಆ ಮಾತು ಎಲ್ಲಿಯದು ಎಂದು ನೋಡೋಣ. ಬೈಬಲ್‌ನಲ್ಲಿ ಅಬ್ರಹಾಮನನ್ನು ದೇವರ ಸ್ನೇಹಿತ ಎಂದು ಕರೆಯಲಾಗಿದೆ. ಒಬ್ಬ ಮನುಷ್ಯ ತನ್ನ ಗೆಳೆಯನ ಜೊತೆ ಮಾತಾಡುವ ಹಾಗೆ ದೇವರು ಮೋಶೆಯ ಜೊತೆ ಮಾತಾಡುತ್ತಿದ್ದ ಎಂದೂ ಇದೆ. ನಮ್ಮ ಮುಸ್ಲಿಂ ಬಂಧುಗಳು ಅದೇ ಅಬ್ರಹಾಮನನ್ನು ಇಬ್ರಾಹಿಂ ಖಲೀಲುಲ್ಲಾ ಎನ್ನುತ್ತಾರೆ. ಖಲೀಲ್ ಎಂದರೆ ಆಪ್ತ ಗೆಳೆಯ. ಭಾಗವತದ ಒಂಬತ್ತು ಬಗೆಯ ಭಕ್ತಿಯಲ್ಲಿ ದಾಸ್ಯ ಆದಮೇಲೆ ಸಖ್ಯ ಬರುತ್ತದೆ. ಹಿಡಿ ಅವಲಕ್ಕಿ ಹಿಡಿದು ಗೆಳೆಯನ ಮನೆಗೆ ಹೋದ ಕುಚೇಲನ ಕತೆ ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಹಾಗಾಗಿ ಈ ಮಾತು ನಮಗೆ ತೀರಾ ಹೊರಗಿನದಲ್ಲ.

ಕ್ರೈಸ್ತರಲ್ಲಿ ಇದಕ್ಕೆ ಇನ್ನೊಂದು ಅರ್ಥ ಸೇರಿದ್ದು ಯೇಸುವಿನ ಕೊನೆಯ ಊಟದ ರಾತ್ರಿ. ಯೋಹಾನನ ಸುವಾರ್ತೆ ಹೇಳುವ ಪ್ರಕಾರ ಅವತ್ತು ಗುರುವೇ ಬಗ್ಗಿ ಶಿಷ್ಯರ ಕಾಲು ತೊಳೆದ. ಆಮೇಲೆ, ಇನ್ನು ನಿಮ್ಮನ್ನು ಆಳು ಎನ್ನುವುದಿಲ್ಲ, ಗೆಳೆಯರು ಎನ್ನುತ್ತೇನೆ ಎಂಬ ಅರ್ಥದ ಮಾತಾಡಿದ. ಅದಕ್ಕೆ ಕಾರಣವನ್ನೂ ಕೊಟ್ಟ. ಆಳಿಗೆ ಒಡೆಯನ ಮನಸ್ಸು ಗೊತ್ತಿರುವುದಿಲ್ಲ, ಗೆಳೆಯನಿಗೆ ಎಲ್ಲ ಹೇಳಿರುತ್ತಾರೆ. ಜೀತ ಕಂಡ ನಮ್ಮ ಹಳ್ಳಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೀತದಾಳು ಹೇಳಿದ್ದನ್ನು ಮಾಡಬೇಕಿತ್ತು. ಸಾಲದ ಲೆಕ್ಕ ಕೇಳುವ ಹಾಗಿರಲಿಲ್ಲ.

ಇದು ಆಗುವ ಮಾತೇ ಎಂದು ಅನುಮಾನ ಪಟ್ಟವರೂ ಇದ್ದರು. ಗ್ರೀಕ್ ಚಿಂತಕ ಅರಿಸ್ಟಾಟಲ್ ಕ್ರಿಸ್ತನಿಗಿಂತ 300 ವರ್ಷಕ್ಕೂ ಮೊದಲೇ ಹೇಳಿದ್ದ: ಇಬ್ಬರ ನಡುವೆ ಅಂತರ ತೀರಾ ದೊಡ್ಡದಾದರೆ ಗೆಳೆತನ ನಿಲ್ಲದು, ದೇವರು ಮತ್ತು ಮನುಷ್ಯರ ಅಂತರ ಅಂಥದ್ದು. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಎಂಬ ಕ್ರೈಸ್ತ ಪಂಡಿತ, ದೇವರ ಮೇಲಿನ ಪ್ರೀತಿ ಗೆಳೆತನವೇ ಎಂದು ವಾದಿಸಿದ. ಮನುಷ್ಯ ಮೇಲೆ ಏರಬೇಕಿಲ್ಲ, ದೇವರೇ ತನ್ನದನ್ನು ಹಂಚಿಕೊಳ್ಳುತ್ತಾನೆ ಎಂಬುದು ಅವನ ದಾರಿ.

ಶ್ರೀರಂಗಪಟ್ಟಣಕ್ಕೆ ಈ ವಿಚಾರ ಹೊತ್ತು ತಂದವರು ಜೆಸ್ವಿಟ್ ಪಾದ್ರಿಗಳು. 1640ರ ದಶಕದ ಕೊನೆಯಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲಕ್ಕೆ, ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಇಲ್ಲಿ ಮೈಸೂರು ಮಿಷನ್ ಶುರುಮಾಡಿದರು. ಅವರು ಕನ್ನಡ ಕಲಿತು ಕನ್ನಡ ವ್ಯಾಕರಣವನ್ನೂ ಧರ್ಮಬೋಧೆಯ ಪುಸ್ತಕವನ್ನೂ ಬರೆದರು. ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ತನ್ನವರಿಗೆ ಕಲಿಸಿದ್ದ ಒಂದು ಅಭ್ಯಾಸ ಏನೆಂದರೆ, ಧ್ಯಾನದ ಕೊನೆಗೆ ಗೆಳೆಯನ ಹತ್ತಿರ ಮಾತಾಡುವ ಹಾಗೆ ದೇವರ ಹತ್ತಿರ ಮಾತಾಡುವುದು.

ಮುಂದಿನ ದಿನಗಳು ಕಷ್ಟದವು. 1773ರಲ್ಲಿ ಪೋಪ್ ಜೆಸ್ವಿಟ್ ಸಂಘವನ್ನೇ ರದ್ದು ಮಾಡಿದರು. 1784ರಲ್ಲಿ ಟಿಪ್ಪು ಸುಲ್ತಾನ್, ಇಂಗ್ಲಿಷರಿಗೆ ನೆರವಾದರೆಂಬ ಗುಮಾನಿಯ ಮೇಲೆ ಕೆನರಾದ ಸಾವಿರಾರು ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಹಾದಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. ಅದೇ ಹೈದರ್ ಮತ್ತು ಟಿಪ್ಪುವಿನ ಚಾಕರಿಯಲ್ಲಿ ಫ್ರೆಂಚ್ ಕ್ರೈಸ್ತ ಸಿಪಾಯಿಗಳೂ ಇದ್ದರು. ಅವರು ಬೀಡುಬಿಟ್ಟಿದ್ದ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂತು. ಅದೇ ಇವತ್ತಿನ ಪಾಂಡವಪುರ.

1799ರಲ್ಲಿ ಟಿಪ್ಪು ಮಡಿದ ಮೇಲೆ, ಚೆದುರಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಫ್ರಾನ್ಸ್‌ನ ಪಾದ್ರಿ ಅಬ್ಬೆ ದುಬಾಯ್. ಭಾರತಕ್ಕೆ ಬಂದದ್ದು 1792ರಲ್ಲಿ. ನಮ್ಮವರ ಬಟ್ಟೆ ತೊಟ್ಟರು, ನಮ್ಮವರಂತೆ ಉಂಡರು, ಜನರ ನಡುವೆಯೇ ಬದುಕಿದರು. ಸಿಡುಬು ಬಂದರೆ ಊರಿಗೆ ಊರೇ ನಡುಗುತ್ತಿದ್ದ ಕಾಲ ಅದು. ದನದ ಸಿಡುಬಿನಿಂದ ತೆಗೆದ ಹೊಸ ಲಸಿಕೆ 1802ರಲ್ಲಿ ಭಾರತ ಮುಟ್ಟಿತು. ಆಗ ಸೀಸೆಯ ಮದ್ದು ಇರಲಿಲ್ಲ. ಹಾಕಿಸಿಕೊಂಡ ಒಬ್ಬರ ತೋಳಿನ ಗುಳ್ಳೆಯಿಂದ ತೆಗೆದು ಇನ್ನೊಬ್ಬರ ತೋಳಿಗೆ ಗೀರಿ ಹಾಕಬೇಕಿತ್ತು. ನಂಬಿಕೆ ಇಲ್ಲದೆ ಯಾರು ತೋಳು ಕೊಡುತ್ತಾರೆ? ಮೈಸೂರು ಸೀಮೆಯಲ್ಲಿ ಆ ಲಸಿಕೆ ಹಬ್ಬಿಸಲು ದುಬಾಯ್ ದುಡಿದರು. ಜನ ಅವರನ್ನು ದೊಡ್ಡಸ್ವಾಮಿ ಎಂದು ಕರೆದರು.

ತೊಡಕು ಇರುವುದು ಈ ಹೆಸರಿನಲ್ಲೇ. ಸ್ವಾಮಿ ಎಂದರೆ ಒಡೆಯ. ಗೆಳೆಯನಾದ ದೇವರ ಸುದ್ದಿ ತಂದವರು ಇಲ್ಲಿ ಒಡೆಯರ ಸಾಲಿಗೇ ಸೇರಿದರು. ಜಾತಿ ಕಟ್ಟು ಸಮಾಜವನ್ನು ಕಾಯುತ್ತದೆ ಎಂದು ದುಬಾಯ್ ತಮ್ಮ ಹೆಸರಾಂತ ಪುಸ್ತಕದಲ್ಲಿ ಹೊಗಳಿದ್ದಾರೆ. ದಕ್ಷಿಣ ಭಾರತದ ಹಲವು ಚರ್ಚ್‌ಗಳಲ್ಲಿ ಆಗ ಜಾತಿವಾರು ಬೇರೆ ಬೇರೆ ಜಾಗ ಇತ್ತು. ದೇವರು ಗೆಳೆಯ, ಆದರೆ ಪಕ್ಕದಲ್ಲಿ ಮೊಣಕಾಲೂರಿದವನು ದೂರದವನು. ಮೇಲಿನವನ ಜೊತೆ ಸ್ನೇಹ, ನೆರೆಯವನ ಜೊತೆ ಮಡಿ ಎಂದರೆ ಆ ಸ್ನೇಹಕ್ಕೆ ಏನು ಬೆಲೆ? ಈ ಪ್ರಶ್ನೆ ಕ್ರೈಸ್ತರಿಗೆ ಮಾತ್ರ ಅಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ರಾಮಾನುಜರು ಹೊರಗಿಟ್ಟವರನ್ನು ತಿರುಕುಲದವರು ಎಂದು ಕರೆದು ಗುಡಿಯೊಳಗೆ ಬಿಟ್ಟರು ಎನ್ನುತ್ತಾರೆ. ಆಮೇಲೂ ನಾಗಮಂಗಲ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ ಎನ್ನದೆ ನಮ್ಮ ಊರುಗಳಲ್ಲಿ ಕೇರಿ ಬೇರೆಯಾಗಿಯೇ ಉಳಿಯಿತು.

ಆದರೂ ದುಬಾಯ್ ಒಂದು ವಿಷಯದಲ್ಲಿ ಮುಚ್ಚುಮರೆ ಮಾಡಲಿಲ್ಲ. 31 ವರ್ಷದ ನಂತರ, 1823ರಲ್ಲಿ, ಭಾರತ ಬಿಟ್ಟರು. ಅದೇ ವರ್ಷ ಅಚ್ಚಾದ ಪತ್ರಗಳಲ್ಲಿ, ಇಷ್ಟು ವರ್ಷದಲ್ಲಿ ತನ್ನಿಂದ ಮತಕ್ಕೆ ಬಂದವರು ಇನ್ನೂರು ಮುನ್ನೂರು ಜನ, ಅವರಲ್ಲಿ ಹೆಚ್ಚಿನವರು ಬಡವರು, ಹೊರಗಿಟ್ಟವರು ಎಂದು ಬರೆದರು. ಯಶಸ್ಸಿನ ವರದಿಯನ್ನೇ ಕಾಯುತ್ತಿದ್ದ ಯೂರೋಪಿನ ಮಿಷನರಿಗಳಿಗೆ ಇದು ಸಿಟ್ಟು ತರಿಸಿತು. 1848ರಲ್ಲಿ ಅವರು ತೀರಿಕೊಂಡರು.

ಮತಕ್ಕೆ ಬಂದವರ ಲೆಕ್ಕ ಅಷ್ಟೇ ಇರಬಹುದು. ಅವರು ಲಸಿಕೆ ಹಬ್ಬಿಸಿದ್ದರಿಂದ ಸಿಡುಬು ತಪ್ಪಿಸಿಕೊಂಡವರು ಯಾವ ಜಾತಿ, ಯಾವ ಮತ ಎಂದು ಯಾರೂ ಎಣಿಸಲಿಲ್ಲ.

ಈಸ್ಟರ್‌ಗೆ ಮೂರು ದಿನ ಮೊದಲಿನ ಗುರುವಾರ ಕಥೋಲಿಕ ಚರ್ಚ್‌ಗಳಲ್ಲಿ ಪಾದ್ರಿ ಇವತ್ತಿಗೂ ಬಗ್ಗಿ ಊರ ಜನರ ಕಾಲು ತೊಳೆಯುತ್ತಾರೆ. ಗಂಜಾಂ ಕಡೆ ಹೋದಾಗ ಆ ಹಳೆಯ ಚರ್ಚ್ ಮುಂದೆ ಒಂದು ಗಳಿಗೆ ನಿಲ್ಲಿ. ನಿಮ್ಮ ಊರಲ್ಲಿ ಯಾರು ಯಾರ ಕಾಲು ಮುಟ್ಟುತ್ತಾರೆ, ಯಾರು ಯಾರ ಜೊತೆ ಕೂತು ಉಣ್ಣುತ್ತಾರೆ ಎಂದೂ ಯೋಚಿಸಿ.